ಯುವಕರಿಗೆ ಕೆಲಸ ಕೊಟ್ಟರೆ ಹಿಂಸೆ ತಗ್ಗುತ್ತದೆಯೇ?

ಹಿಂಸೆ ಹೆಚ್ಚಿರುವ ಬಡಾವಣೆಗಳ ಯುವಕರಿಗೆ ಕೆಲಸ ಕೊಡಿಸುವ ಯೋಜನೆಯೊಂದನ್ನು ನಿಮ್ಮ ಸಂಸ್ಥೆ ಆರಂಭಿಸಲಿದೆ; ಇರುವ ಹಣದಲ್ಲಿ ಹೆಚ್ಚು ಜನರಿಗೆ ಕೆಲವು ವಾರಗಳ ಕೆಲಸ ಕೊಡಬೇಕೋ, ಕೆಲವರಿಗಷ್ಟೇ ದೀರ್ಘಕಾಲ ನೆರವಾಗಬೇಕೋ ಎಂದು ಕೇಳಿದ್ದೀರಿ. ಇಂತಹ ಯೋಜನೆಗಳ ಮೌಲ್ಯಮಾಪನ ವರದಿಗಳನ್ನು ಓದುವುದು ನನ್ನ ವೃತ್ತಿಯ ಭಾಗ. ನನ್ನ ಅಭಿಪ್ರಾಯದಲ್ಲಿ ಅವಧಿಗಿಂತ ಮೊದಲು ತೀರ್ಮಾನವಾಗಬೇಕಾದದ್ದು ಕೆಲಸ ಯಾರಿಗೆ ಎಂಬುದು. ಇನ್ನೂ ಶಾಲೆಗೆ ಹೋಗುತ್ತಿರುವ ಹದಿಹರೆಯದವರಿಗೂ ಈಗಾಗಲೇ ಗುಂಡಿನ ಕಾಳಗದಲ್ಲಿ ಸಿಲುಕಿರುವ ಯುವಕರಿಗೂ ಒಂದೇ ಯೋಜನೆ ಒಗ್ಗುವುದಿಲ್ಲ.

ಶಾಲಾ ವಯಸ್ಸಿನವರಿಗೆ ಅಲ್ಪಾವಧಿಯೇ ಸಾಕಾಗಬಹುದು. ಶಿಕಾಗೊ ನಗರದಲ್ಲಿ 2012ರ ಬೇಸಿಗೆಯಲ್ಲಿ, ಹಿಂಸೆ ಹೆಚ್ಚಿರುವ ಪ್ರದೇಶಗಳ 13 ಪ್ರೌಢಶಾಲೆಗಳ 1,634 ವಿದ್ಯಾರ್ಥಿಗಳ ಪೈಕಿ ಚೀಟಿ ಎತ್ತಿದ ರೀತಿಯಲ್ಲಿ ಕೆಲವರನ್ನು ಆರಿಸಿ, ಎಂಟು ವಾರಗಳ ಕಾಲ ಕನಿಷ್ಠ ವೇತನದ ಅರೆಕಾಲಿಕ ಕೆಲಸ ಕೊಡಲಾಯಿತು. ಜೊತೆಗೆ ಕೆಲಸದ ಸ್ಥಳದಲ್ಲಿ ಕಣ್ಣಿಡಲು, ಬುದ್ಧಿ ಹೇಳಲು ಹಿರಿಯರೊಬ್ಬರನ್ನು ನೇಮಿಸಲಾಗಿತ್ತು. ಮುಂದಿನ 16 ತಿಂಗಳಲ್ಲಿ ಹಿಂಸಾತ್ಮಕ ಅಪರಾಧಗಳಿಗಾಗಿ ಬಂಧನಕ್ಕೊಳಗಾಗುವುದು ಅವರಲ್ಲಿ ಶೇ. 43ರಷ್ಟು ಕಡಿಮೆಯಾಯಿತು ಎಂದು ಸಂಶೋಧಕಿ ಸಾರಾ ಹೆಲ್ಲರ್ 2014ರಲ್ಲಿ ಪ್ರಕಟಿಸಿದರು. ಈ ಇಳಿಕೆ ಬಹುಪಾಲು ಕಾಣಿಸಿಕೊಂಡದ್ದು ಕೆಲಸ ಮುಗಿದ ನಂತರ. ಹೀಗಾಗಿ ಕೈತುಂಬ ಕೆಲಸವಿದ್ದರೆ ಬೀದಿಗೆ ಹೋಗಲು ಪುರುಸೊತ್ತಿರುವುದಿಲ್ಲ ಎಂಬ ಎಲ್ಲರ ಬಾಯಲ್ಲಿರುವ ವಿವರಣೆ ಇಲ್ಲಿ ಸಾಲದು.

ಹಾಗಾದರೆ ಬದಲಾಗುವುದೇನು? ಅದೇ ನಗರದಲ್ಲಿ ‘ಬಿಕಮಿಂಗ್ ಎ ಮ್ಯಾನ್’ ಎಂಬ ಯೋಜನೆ ಶಾಲೆಗಳಲ್ಲಿ ನಡೆಸುವ ಒಂದು ಆಟವನ್ನು ಗಮನಿಸಿ. ಒಬ್ಬ ಹುಡುಗನ ಕೈಗೆ ಚೆಂಡು ಕೊಟ್ಟು, ಮೂವತ್ತು ಸೆಕೆಂಡುಗಳಲ್ಲಿ ಅದನ್ನು ಪಡೆಯಬೇಕೆಂದು ಅವನ ಜೊತೆಗಾರನಿಗೆ ಹೇಳುತ್ತಾರೆ. ಹೆಚ್ಚುಕಡಿಮೆ ಎಲ್ಲರೂ ಎಳೆದಾಡುತ್ತಾರೆ, ಗುದ್ದಾಡುತ್ತಾರೆ. ಆಮೇಲೆ ಮಾರ್ಗದರ್ಶಕರು, ‘ಕೊಡು ಎಂದು ಒಮ್ಮೆಯಾದರೂ ಏಕೆ ಕೇಳಲಿಲ್ಲ?’ ಎಂದು ಪ್ರಶ್ನಿಸುತ್ತಾರೆ. ಕೇಳಿದ್ದರೆ ಕೊಡುತ್ತಿದ್ದೆಯಾ ಎಂದು ಚೆಂಡು ಹಿಡಿದವನನ್ನೂ ಕೇಳಿದರೆ, ಕೊಡುತ್ತಿದ್ದೆನೇನೋ ಎಂಬಂಥ ಉತ್ತರವೇ ಸಾಮಾನ್ಯ. ಕೈಯೆತ್ತುವ ಮೊದಲು ಒಂದು ಕ್ಷಣ ತಡೆದು ಯೋಚಿಸುವ ಈ ಅಭ್ಯಾಸವನ್ನು, ಮೇಲಧಿಕಾರಿಯ ಗದರಿಕೆಯನ್ನು ಸಹಿಸಿಕೊಂಡು ಮರುದಿನವೂ ಹಾಜರಾಗಬೇಕಾದ ಕೆಲಸವೂ ಕಲಿಸುತ್ತದೆ ಎಂಬುದು ನನ್ನ ಊಹೆ.

ಎರಡನೆಯ ಗುಂಪಿನ ವಿಷಯ ಬೇರೆ. ಶಿಕಾಗೊದಲ್ಲೇ 2017ರಲ್ಲಿ ಆರಂಭವಾದ ‘ರೆಡಿ’ ಯೋಜನೆಯು ಗುಂಡಿನ ದಾಳಿಗೆ ಗುರಿಯಾಗುವ ಅಥವಾ ದಾಳಿ ನಡೆಸುವ ಅಪಾಯ ಅತಿ ಹೆಚ್ಚಿರುವ ಪುರುಷರಿಗೆ 18 ತಿಂಗಳ ಕೆಲಸವನ್ನೂ ಆಪ್ತಸಮಾಲೋಚನೆಯನ್ನೂ ಒಟ್ಟಿಗೆ ಒದಗಿಸಿತು. ಗಂಭೀರ ಹಿಂಸೆಯ ಮೂರು ಅಳತೆಗಳನ್ನು ಕೂಡಿಸಿ ನೋಡಿದಾಗ ಖಚಿತವಾದ ಇಳಿಕೆ ಕಾಣಲಿಲ್ಲ ಎಂಬುದನ್ನು ಮುಚ್ಚಿಡಬಾರದು. ಆದರೆ ಬೀದಿಯಲ್ಲಿ ಓಡಾಡುವ ಸಮುದಾಯ ಕಾರ್ಯಕರ್ತರು ಗುರುತಿಸಿ ಕರೆತಂದವರಲ್ಲಿ, ಗುಂಡು ಹಾರಿಸಿ ಬಂಧನಕ್ಕೊಳಗಾಗುವುದೂ ಗುಂಡಿನ ದಾಳಿಗೆ ಗುರಿಯಾಗುವುದೂ ಗಣನೀಯವಾಗಿ ತಗ್ಗಿದವು. ಯಾರ ಜಗಳ ಯಾರೊಂದಿಗೆ, ಯಾರು ಬದಲಾಗಲು ಮನಸ್ಸು ಮಾಡಿದ್ದಾರೆ ಎಂಬುದು ಆ ಕಾರ್ಯಕರ್ತರಿಗೆ ತಿಳಿದಿರುತ್ತದೆ. ಕಚೇರಿಯಲ್ಲಿ ಕುಳಿತು ಅರ್ಜಿ ಕರೆದರೆ ಬರುವವರು ಹೆಚ್ಚಾಗಿ ನೀವು ಕರೆಯದಿದ್ದರೂ ದಾರಿ ಕಂಡುಕೊಳ್ಳುತ್ತಿದ್ದವರು.

ಯಶಸ್ಸನ್ನು ಅಳೆಯುವಾಗಲೂ ಎಚ್ಚರ ಬೇಕು. ನ್ಯೂಯಾರ್ಕ್‌ನ ಬೇಸಿಗೆ ಉದ್ಯೋಗ ಯೋಜನೆಯಲ್ಲಿ ಲಾಟರಿಯ ಮೂಲಕ ಕೆಲಸ ಪಡೆದವರ ಮುಂದಿನ ವರ್ಷಗಳ ಗಳಿಕೆ ಹೆಚ್ಚಲಿಲ್ಲ. ಆದರೆ ಅವರಲ್ಲಿ ಜೈಲು ಸೇರುವವರ ಮತ್ತು ಅಕಾಲದಲ್ಲಿ ಸಾಯುವವರ ಪ್ರಮಾಣ ಇಳಿಯಿತು. ಎಷ್ಟು ಜನರಿಗೆ ಕಾಯಂ ನೌಕರಿ ಸಿಕ್ಕಿತು ಎಂಬುದೊಂದನ್ನೇ ದಾನಿಗಳು ಕೇಳಿದ್ದರೆ ಈ ಯೋಜನೆ ವಿಫಲವೆಂದು ಎಂದೋ ಮುಚ್ಚಿಹೋಗುತ್ತಿತ್ತು.

ನಿಮ್ಮ ಪ್ರಶ್ನೆಗೆ ನೇರ ಉತ್ತರ ಇದು: ಶಾಲಾ ಮಕ್ಕಳಾದರೆ ಹೆಚ್ಚು ಜನರಿಗೆ ಒಂದು ಬೇಸಿಗೆಯ ಕೆಲಸ ಕೊಡಿ, ಬಂದೂಕಿನ ನೆರಳಿನಲ್ಲಿರುವವರಾದರೆ ಕೆಲವರನ್ನೇ ಆರಿಸಿ, ಒಂದೂವರೆ ವರ್ಷ ಕೈಬಿಡಬೇಡಿ. ಎರಡನೆಯದನ್ನು ಆರಿಸಿಕೊಂಡರೆ, ಅವರನ್ನು ಹುಡುಕಿ ತರುವ ಕಾರ್ಯಕರ್ತರ ಸಂಬಳವನ್ನು ಯುವಕರ ಕೂಲಿಗಿಂತ ಮೊದಲೇ ಬಜೆಟ್‌ನಲ್ಲಿ ತೆಗೆದಿಡಿ.