ಜನವರಿಯಲ್ಲಿ ಟೊರಾಂಟೊದಿಂದ ಮಂಗಳೂರಿಗೆ ಹೊರಟಿದ್ದೇನೆ. ವಿಮಾನದಲ್ಲಿ ಏನು ಹಾಕಿಕೊಳ್ಳಲಿ?

ಅಲ್ಲಿ ಮೈನಸ್ 10 ಡಿಗ್ರಿ, ಇಲ್ಲಿ ಹಗಲು 32ರ ಆಸುಪಾಸು. ದಪ್ಪ ಕೋಟು ಒಂದಕ್ಕಿಂತ ತೆಳ್ಳನೆಯ ಮೂರು ಪದರ ಮೇಲು: ಅರ್ಧ ತೋಳಿನ ಹತ್ತಿ ಟೀ ಶರ್ಟು, ಅದರ ಮೇಲೆ ಜಿಪ್ ಇರುವ ಫ್ಲೀಸ್ (ಹಗುರವಾದ, ಮೆತ್ತನೆಯ ಬೆಚ್ಚನೆ ಮೇಲಂಗಿ), ಎಲ್ಲಕ್ಕೂ ಹೊರಗೆ, ಸುತ್ತಿಟ್ಟರೆ ನೀರಿನ ಬಾಟಲಿಯಷ್ಟಾಗುವ ಡೌನ್ (ಹಕ್ಕಿಯ ಮೃದು ಪುಕ್ಕ ತುಂಬಿದ) ಜಾಕೆಟ್. ತಲೆಯ ಮೇಲಿಂದ ಎಳೆದು ತೆಗೆಯುವ ಸ್ವೆಟರ್ ಬೇಡ, ಮೊಣಕೈ ಪಕ್ಕದವರ ಮೂಗಿಗೆ ತಾಗುತ್ತದೆ.

ಟರ್ಮಿನಲ್ ಒಳಗೆ ಬಂದ ಕೂಡಲೇ ಜಾಕೆಟ್ ಬಿಚ್ಚಿ. ಚೆಕ್-ಇನ್, ಸೆಕ್ಯುರಿಟಿ ಸಾಲಿನಲ್ಲಿ ಬೆವರಿದರೆ ಹತ್ತಿ ಬೇಗ ಒಣಗುವುದಿಲ್ಲ; ಆಮೇಲೆ ವಿಮಾನದ ಎಸಿಯಲ್ಲಿ ನಡುಗಬೇಕಾಗುತ್ತದೆ.

ಹೆಚ್ಚಿನವರು ಎಡವುವುದು ಕಾಲಿನ ವಿಷಯದಲ್ಲೇ. ಜೀನ್ಸ್ ಒಳಗಿನ ಥರ್ಮಲ್ (ಚಳಿಗೆ ಹಾಕುವ ಬಿಗಿ ಒಳಪ್ಯಾಂಟು) ಬಿಚ್ಚಲು ವಿಮಾನದ ಟಾಯ್ಲೆಟ್‌ನಲ್ಲಿ ಒಂಟಿ ಕಾಲಲ್ಲಿ ಕುಣಿಯಬೇಕು. ಮನೆಯಿಂದ ಕಾರಿನಲ್ಲಿ ಬರುವವರಿಗೆ ಅದು ಬೇಕೇ ಇಲ್ಲ. ಬಸ್ಸು, ರೈಲಿನಲ್ಲಿ ಬರುವವರು ಸೂಟ್‌ಕೇಸ್ ಕೊಡುವ ಮೊದಲೇ ಥರ್ಮಲನ್ನೂ ಹಿಮದ ಬೂಟನ್ನೂ ಅದರೊಳಗೆ ತುರುಕಿಬಿಡಿ. ಗಂಟೆಗಟ್ಟಲೆ ಕೂತಾಗ ಪಾದ ಊದುತ್ತದೆ, ಆದ್ದರಿಂದ ಲೇಸ್ ಸಡಿಲಿಸಬಹುದಾದ ಷೂ ಇರಲಿ. ಕಿಟಕಿ ಪಕ್ಕದ ಸೀಟಾದರೆ ಉಣ್ಣೆಯ ಕಾಲುಚೀಲವೂ ಬೇಕು. ಅಲ್ಲಿ ಪಾದದ ಬಳಿ ಥಂಡಿ ಜಾಸ್ತಿ.

ಹ್ಯಾಂಡ್‌ಬ್ಯಾಗಿನಲ್ಲಿ ತೆಳು ಪ್ಯಾಂಟು, ಚಪ್ಪಲಿ. ಇಳಿಯಲು ಒಂದು ಗಂಟೆ ಇರುವಾಗಲೇ ಬದಲಿಸಿ, ಸೀಟ್‌ಬೆಲ್ಟ್ ದೀಪ ಹತ್ತಿದ ಮೇಲೆ ಏಳಲು ಬಿಡುವುದಿಲ್ಲ.