ಟಿವಿ ಪಕ್ಕಕ್ಕೆ ಸದ್ದಿಲ್ಲದ ಕಂಪ್ಯೂಟರ್

ಪ್ರಶ್ನೆ: ಹಾಲ್‌ನ ಟಿವಿಗೆ ಹಳೆಯ ಡೆಸ್ಕ್‌ಟಾಪ್ ಜೋಡಿಸಿದ್ದೇವೆ. ಫ್ಯಾನ್ ಸದ್ದಿಗೆ ಸಿನಿಮಾದ ಮೆಲುಮಾತು ಕೇಳಿಸುವುದೇ ಇಲ್ಲ. ಸದ್ದು ಮಾಡದ, ಕರೆಂಟ್ ಕಡಿಮೆ ಎಳೆಯುವ ಕಂಪ್ಯೂಟರ್‌ಗೆ ಏನೇನು ಬೇಕು?

ಉತ್ತರ: ಇಂಟೆಲ್ ಎನ್100 ಪ್ರೊಸೆಸರ್ ಇರುವ, ಫ್ಯಾನ್ ಇಲ್ಲದ ಮಿನಿ ಪಿಸಿ ಕೊಳ್ಳಿ. ಅಲ್ಯೂಮಿನಿಯಂ ಹೊರಕವಚವೇ ಅದರ ಹೀಟ್‌ಸಿಂಕ್ (ಶಾಖ ಹೊರಹಾಕುವ ಲೋಹ) ಆಗಿರಬೇಕು. ಈ ಚಿಪ್‌ನ ಟಿಡಿಪಿ, ಅಂದರೆ ಹೊರೆ ಬಿದ್ದಾಗ ಅದು ಹೊರಹಾಕುವ ಶಾಖದ ಅಂದಾಜು, 6 ವ್ಯಾಟ್. ಇಡೀ ಪೆಟ್ಟಿಗೆ 10 ವ್ಯಾಟ್ ಎಳೆದು ಹಗಲು ರಾತ್ರಿ ಓಡಿದರೂ ತಿಂಗಳಿಗೆ ಸುಮಾರು 7 ಯೂನಿಟ್. ಎಚ್‌ಇವಿಸಿ, ಎವಿ1 ಎಂಬ ಮಾದರಿಗಳಲ್ಲಿ ಕುಗ್ಗಿಸಿಟ್ಟ ವಿಡಿಯೊಗಳನ್ನು ಇದು ಚಿಪ್‌ನಲ್ಲಿ ಅದಕ್ಕೆಂದೇ ಇರುವ ಹಾರ್ಡ್‌ವೇರ್‌ನಲ್ಲೇ ಡಿಕೋಡ್ ಮಾಡುತ್ತದೆ (ಬಿಡಿಸುತ್ತದೆ). ಎಲ್ಲಕ್ಕಿಂತ ಮುಖ್ಯ ಇದೇ: ಡಿಕೋಡ್ ಮಾಡುವ ಹೊರೆ ಪ್ರೊಸೆಸರ್‌ನ ಸಾಮಾನ್ಯ ಕೋರ್‌ಗಳ ಮೇಲೆ ಬಿದ್ದರೆ ಚಿಪ್ ಕಾದು, ತಾನಾಗಿ ವೇಗ ತಗ್ಗಿಸಿಕೊಂಡು, ದೃಶ್ಯ ತಡವರಿಸುತ್ತದೆ.

8 ಜಿಬಿ ರ‍್ಯಾಮ್, 128 ಜಿಬಿ ಎಸ್‌ಎಸ್‌ಡಿ ಧಾರಾಳ. ಸಿನಿಮಾ ತುಂಬಿದ ಹಾರ್ಡ್‌ಡಿಸ್ಕ್ ತಿರುಗುವ ಗುಂಯ್‌ಗುಟ್ಟುವಿಕೆಯೂ ರಾತ್ರಿ ಕಿವಿಗೆ ಬೀಳುತ್ತದೆ. ಅದನ್ನು ಬೇರೆ ಕೋಣೆಯಲ್ಲಿ, ಯುಎಸ್‌ಬಿ ಪೋರ್ಟ್ ಇರುವ ರೌಟರ್‌ಗೆ ಸಿಕ್ಕಿಸಿ. ಅಲ್ಲಿಂದ ಮಿನಿ ಪಿಸಿಗೆ ಲ್ಯಾನ್ ಕೇಬಲ್ ಎಳೆಯಿರಿ.

ಲಿಬ್ರೆಎಲೆಕ್ ಎಂಬ ಲಿನಕ್ಸ್ ಆಪರೇಟಿಂಗ್ ಸಿಸ್ಟಂ ಹಾಕಿದರೆ ಆನ್ ಮಾಡಿದಾಗ ನೇರವಾಗಿ ಸಿನಿಮಾ ತೋರಿಸುವ ಕೋಡಿ ಆ್ಯಪ್ ತೆರೆದುಕೊಳ್ಳುತ್ತದೆ. ನೆಟ್‌ಫ್ಲಿಕ್ಸ್ ಮಾತ್ರ ಇದರಲ್ಲಿ 4ಕೆ ಬರುವುದಿಲ್ಲ, ಅದು ಕೇಳುವ ವೈಡ್‌ವೈನ್ ಎಲ್1 ಎಂಬ ನಕಲು ತಡೆ ಭದ್ರತೆ ಲಿನಕ್ಸ್ ಪಿಸಿಗಳಲ್ಲಿಲ್ಲ. ಅದಕ್ಕೆ ಟಿವಿಯ ಆ್ಯಪ್ ಬಳಸಿ.

ಪೆಟ್ಟಿಗೆಯನ್ನು ಬಾಗಿಲು ಮುಚ್ಚಿದ ಕಪಾಟಿನಲ್ಲಿ ಇಡಲೇಬೇಡಿ. ಕಲಬುರಗಿ, ರಾಯಚೂರಿನ ಬೇಸಿಗೆಯಲ್ಲಂತೂ 40 ಡಿಗ್ರಿ ದಾಟಿದ ಗಾಳಿಯೇ ಅದನ್ನು ತಣಿಸಬೇಕು. ಸುತ್ತ ಒಂದು ಗೇಣು ಜಾಗ ಬಿಡಿ. ವೈರ್‌ಲೆಸ್ ಕೀಬೋರ್ಡ್ ಆಗಾಗ ಮುಷ್ಕರ ಹೂಡಿದರೆ ಅದರ ಡಾಂಗಲ್ (ಸಂಕೇತ ಹಿಡಿಯುವ ಪುಟ್ಟ ಯುಎಸ್‌ಬಿ ತುಣುಕು) ಯುಎಸ್‌ಬಿ 3 ಪೋರ್ಟ್ ಪಕ್ಕ ಇದೆಯೇ ನೋಡಿ. ಆ ಪೋರ್ಟ್‌ನ ವಿದ್ಯುತ್ ಗದ್ದಲ 2.4 ಗಿಗಾಹರ್ಟ್ಸ್ ಸಂಕೇತವನ್ನು ಕೆಡಿಸುತ್ತದೆ. ಚಿಕ್ಕ ಎಕ್ಸ್‌ಟೆನ್ಷನ್ ಕೇಬಲ್ ಹಾಕಿ ಡಾಂಗಲ್ ದೂರ ಸರಿಸಿದರೆ ಸರಿಹೋಗುತ್ತದೆ.