ಪಾಸ್ ಕೇಳುವುದನ್ನೇ ಬಿಟ್ಟವರು

ಪ್ರಶ್ನೆ: ಮೇಡಂ, ನಾನು ನಮ್ಮ ಕಾಲೇಜು ಬಾಸ್ಕೆಟ್‌ಬಾಲ್ ತಂಡದ ಕ್ಯಾಪ್ಟನ್. ಪಾಯಿಂಟ್ ಗಾರ್ಡ್ ಆಡುತ್ತೇನೆ, ಅಂದರೆ ಚೆಂಡು ಹಂಚಿ ಆಟ ನಡೆಸುವವನು. ಈ ವರ್ಷ ತಂಡಕ್ಕೆ ಒಬ್ಬ ಹೊಸ ಹುಡುಗ ಬಂದಿದ್ದಾನೆ. ಆಟದಲ್ಲಿ ಎರಡು ಮಾತಿಲ್ಲ, ನಮ್ಮೆಲ್ಲರಿಗಿಂತ ಮೇಲು. ಪ್ರತಿ ಪಂದ್ಯದಲ್ಲೂ ಅವನದೇ ಜಾಸ್ತಿ ಪಾಯಿಂಟ್. ಆದರೆ ಯಾರಾದರೂ ಪಾಸ್ ತಪ್ಪಿಸಿದರೆ ಎರಡೂ ಕೈ ಮೇಲೆತ್ತಿ ಬೆಂಚಿನ ಕಡೆ ನೋಡುತ್ತಾನೆ. ಜೂನಿಯರ್‌ಗಳನ್ನು ಎಲ್ಲರೆದುರು ಬೈಯುತ್ತಾನೆ. ಟೈಮ್‌ಔಟ್‌ನಲ್ಲಿ ತಲೆ ಮೇಲೆ ಟವೆಲ್ ಹಾಕಿಕೊಂಡು ದೂರ ಕೂರುತ್ತಾನೆ. ಅವನಿಲ್ಲದೆ ಹೋದ ವರ್ಷ ಗೆಲ್ಲುತ್ತಿದ್ದಂಥ ಬಿಗಿ ಪಂದ್ಯಗಳನ್ನು ಈ ವರ್ಷ ಸೋಲುತ್ತಿದ್ದೇವೆ. ಕೋಚ್‌ಗೆ ಹೇಳಿದರೆ ‘ಪಾಯಿಂಟ್ ಹಾಕ್ತಿದ್ದಾನಲ್ಲ, ಬಿಡು’ ಅನ್ನುತ್ತಾರೆ. ಇಬ್ಬರು ಜೂನಿಯರ್‌ಗಳು ತಂಡ ಬಿಡುವ ಮಾತಾಡುತ್ತಿದ್ದಾರೆ. ಬುಟ್ಟಿಯಲ್ಲಿ ಒಂದು ಹಣ್ಣು ಕೊಳೆತರೆ ಎಲ್ಲವೂ ಕೊಳೆಯುತ್ತವೆ, ಅವನನ್ನು ತೆಗೆಸಿಬಿಡು ಅಂತ ಗೆಳೆಯರ ಒತ್ತಾಯ. ಏನು ಮಾಡಲಿ?
— ಹೆಸರು ಬೇಡ

ಉತ್ತರ: ಹೆಸರು ಹಾಕಿಲ್ಲ, ನಿಶ್ಚಿಂತೆಯಿಂದಿರಿ. ಟವೆಲ್ ವಿಷಯ ಓದಿ ನಿಮ್ಮವರು ಗುರುತು ಹಿಡಿದಾರು ಅನ್ನುವ ಭಯವೂ ಬೇಡ. ನಾನು ಆಡಿದ, ಕಲಿಸಿದ ಹೆಚ್ಚುಕಡಿಮೆ ಎಲ್ಲ ತಂಡಗಳಲ್ಲೂ ಒಬ್ಬ ಟವೆಲ್ ಸ್ವಾಮಿ ಇದ್ದೇ ಇದ್ದ. ಹುಡುಗಿಯರ ತಂಡದಲ್ಲೂ.

ಹಣ್ಣಿನ ಮಾತು ಪಕ್ಕಕ್ಕಿಡಿ. ಹಣ್ಣಿಗೆ ಕಿವಿಯಿಲ್ಲ, ಆ ಹುಡುಗನಿಗೆ ಇದೆ.

ನಿಮ್ಮ ಪತ್ರ ಓದಿದಾಗ ನನಗೆ ಚಿಂತೆಯಾದದ್ದು ಅವನ ಬಗ್ಗೆ ಅಲ್ಲ, ಉಳಿದವರ ಬಗ್ಗೆ. ಅವನು ಏನೇನು ಮಾಡುತ್ತಾನೆ ಅಂತ ಪತ್ರದ ತುಂಬ ಇದೆ. ಅವನು ಹಾಗೆ ಮಾಡಿದ ಮೇಲೆ ನೀವು ನಾಲ್ವರು ಏನು ಮಾಡುತ್ತೀರಿ ಅಂತ ಒಂದು ಸಾಲೂ ಇಲ್ಲ. ಬಿಗಿ ಪಂದ್ಯ ಕೈತಪ್ಪುವುದು ಅಲ್ಲೇ.

ಒಂದು ಪಾಸ್ ತಪ್ಪಿತು ಅನ್ನಿ. ಚೆಂಡು ಎದುರಾಳಿಯ ಕೈ ಸೇರಿತು. ನಿಮ್ಮ ಹುಡುಗ ಕೈ ಮೇಲೆತ್ತಿ ನಿಂತ. ಎರಡು ಮೂರು ಸೆಕೆಂಡು, ಅಷ್ಟೇ. ಅಷ್ಟರಲ್ಲಿ ಚುರುಕಾದ ಗಾರ್ಡ್ ಅರ್ಧ ಕೋರ್ಟ್ ದಾಟಿರುತ್ತಾನೆ. ಅವರು ಐವರು, ನೀವು ನಾಲ್ವರು. ರಿಂಗ್ ಹತ್ತಿರದಿಂದಲೇ ಸುಲಭದ ಲೇಅಪ್, ಎರಡು ಪಾಯಿಂಟ್. ಇದು ಎಲ್ಲರ ಕಣ್ಣಿಗೂ ಬೀಳುವ ನಷ್ಟ. ಆಮೇಲೆ ಆಗುವುದನ್ನು ನೋಡಿ. ಪಾಸ್ ತಪ್ಪಿಸಿದ ಜೂನಿಯರ್‌ಗೆ ಮತ್ತೆ ಚೆಂಡು ಬರುತ್ತದೆ. ಅವನ ಕಣ್ಣು ಮೊದಲು ಹೋಗುವುದು ರಿಂಗ್ ಕಡೆಗಲ್ಲ, ಆ ಹುಡುಗ ಎಲ್ಲಿದ್ದಾನೆ ಅಂತ. ತನ್ನೆದುರು ಯಾರೂ ಇಲ್ಲದಿದ್ದರೂ ಶಾಟ್ ಹೊಡೆಯುವುದಿಲ್ಲ, ಚೆಂಡನ್ನು ಅವನ ಕಡೆ ದಾಟಿಸಿ ಕೈ ತೊಳೆದುಕೊಳ್ಳುತ್ತಾನೆ. ಅದರ ಮುಂದಿನ ಸಲ ಚೆಂಡೇ ಬರದಿರಲಿ ಅಂತ ಮೂಲೆಗೆ ಹೋಗಿ ನಿಲ್ಲುತ್ತಾನೆ. ಕೈ ಚಾಚಿರುವುದಿಲ್ಲ, ಮಂಡಿ ಬಗ್ಗಿರುವುದಿಲ್ಲ. ಇದು ಅವನನ್ನು ಕಾಯುತ್ತಿರುವ ಡಿಫೆಂಡರ್‌ಗೆ ತಕ್ಷಣ ಗೊತ್ತಾಗುತ್ತದೆ. ಅವನು ಇವನನ್ನು ಬಿಟ್ಟು ನಿಮ್ಮ ಸ್ಟಾರ್ ಮೇಲೆ ಹೋಗಿ ಬೀಳುತ್ತಾನೆ. ಸ್ಟಾರ್ ಇಬ್ಬರ ನಡುವೆ ಸಿಕ್ಕಿ ಒದ್ದಾಡುತ್ತಾ ‘ಒಬ್ಬನೂ ಹೆಲ್ಪ್‌ಗೆ ಬರಲ್ಲ’ ಅಂತ ಇನ್ನೂ ಜೋರಾಗಿ ಕೂಗುತ್ತಾನೆ. ಅವನಿಗೆ ಕಾಣುವ ಮಟ್ಟಿಗೆ ಅದು ನಿಜವೇ, ಅಲ್ವಾ? ಹೀಗೆ ಸುತ್ತಿ ಸುತ್ತಿ ಅವನ ಸಿಟ್ಟಿಗೆ ನೀವೇ ಕಾರಣ ಒದಗಿಸುತ್ತಿರುತ್ತೀರಿ.

ಡಿಫೆನ್ಸ್‌ನಲ್ಲಿ ಇದು ಇನ್ನೂ ಕೆಡುತ್ತದೆ. ಡಿಫೆನ್ಸ್ ಅರ್ಧ ನಡೆಯುವುದು ಬಾಯಿಂದ. ನಿಮ್ಮ ಬೆನ್ನಿಗೆ ಸ್ಕ್ರೀನ್, ಅಂದರೆ ನಿಮ್ಮ ದಾರಿಗೆ ಅಡ್ಡ ನಿಲ್ಲುವ ಎದುರಾಳಿ, ಬರುತ್ತಿದ್ದರೆ ನಿಮಗೆ ಕಾಣುವುದಿಲ್ಲ, ಹಿಂದಿರುವವನು ಕೂಗಿ ಹೇಳಬೇಕು. ಒಬ್ಬನನ್ನು ದಾಟಿ ಎದುರಾಳಿ ಒಳನುಗ್ಗಿದರೆ ಆಚೆ ಬದಿಯವನು ತನ್ನವನನ್ನು ಬಿಟ್ಟು ಬಂದು ಅಡ್ಡ ನಿಲ್ಲಬೇಕು. ಅವನು ಬಿಟ್ಟು ಬಂದವನನ್ನು ಇನ್ನೊಬ್ಬ ನೋಡಿಕೊಳ್ಳಬೇಕು. ‘ನಾನು ಬಿಟ್ಟು ಹೋಗಿ, ನನ್ನವನು ಸ್ಕೋರ್ ಮಾಡಿದರೆ ಬೈಗುಳ ನನಗೇ’ ಅನ್ನುವ ಲೆಕ್ಕ ತಲೆಯಲ್ಲಿ ಓಡುತ್ತಿದ್ದರೆ ಕಾಲು ಅರ್ಧ ಹೆಜ್ಜೆ ತಡವಾಗುತ್ತದೆ. ಎದುರಾಳಿಗೆ ಆ ಅರ್ಧ ಹೆಜ್ಜೆ ಸಾಕು. ಬೈಸಿಕೊಳ್ಳುವ ತಂಡ ಮೊದಲು ಮೌನವಾಗುತ್ತದೆ. ಕಣ್ಣು ಮುಚ್ಚಿಕೊಂಡು ಕೂತರೂ ನಾನು ಕೋರ್ಟ್‌ನಲ್ಲಿ ಯಾವ ತಂಡ ಕುಸಿಯುತ್ತಿದೆ ಅಂತ ಹೇಳಬಲ್ಲೆ.

ಅಮೆರಿಕದ ವಿಲ್ ಫೆಲ್ಪ್ಸ್ ಅನ್ನುವ ಸಂಶೋಧಕರು ಇದನ್ನು ಆಟದ ಹೊರಗೆ ಪರೀಕ್ಷಿಸಿ ನೋಡಿದ್ದರು. ವಿದ್ಯಾರ್ಥಿಗಳ ಸಣ್ಣ ಗುಂಪುಗಳಿಗೆ ಒಂದು ಕೆಲಸ ಕೊಟ್ಟು, ಕೆಲವು ಗುಂಪುಗಳೊಳಗೆ ಒಬ್ಬ ನಟನನ್ನು ಯಾರಿಗೂ ಹೇಳದೆ ಸೇರಿಸಿದರು. ಅವನು ಒಂದು ಗುಂಪಿನಲ್ಲಿ ಎಲ್ಲರನ್ನೂ ಹೀಯಾಳಿಸಿದ, ಇನ್ನೊಂದರಲ್ಲಿ ಕೆಲಸಗಳ್ಳನಾದ, ಮತ್ತೊಂದರಲ್ಲಿ ‘ಇದೆಲ್ಲ ಆಗದ ಹೋಗದ ಕೆಲಸ’ ಅಂತ ಸಪ್ಪೆ ಮುಖ ಹಾಕಿದ. ಅಂಥ ಗುಂಪುಗಳ ಕೆಲಸ ಶೇಕಡಾ 30ರಿಂದ 40ರಷ್ಟು ಕೆಟ್ಟಿತು. ನನಗೆ ಆ ಅಂಕಿಗಿಂತ ಮುಖ್ಯ ಅನಿಸಿದ್ದು ಬೇರೆ ಎರಡು ಸಂಗತಿ. ಉಳಿದವರು ಅವನ ಹಾಗೇ ಆಗತೊಡಗಿದರು: ಅವನು ಹೀಯಾಳಿಸಿದರೆ ಇವರೂ ಹೀಯಾಳಿಸಿದರು, ಅವನು ಮೇಜಿನ ಮೇಲೆ ತಲೆಯಿಟ್ಟರೆ ಇವರೂ ಇಟ್ಟರು. ಆದರೆ ಒಂದೇ ಒಂದು ಗುಂಪು ಕೆಡಲಿಲ್ಲ. ಅಲ್ಲೊಬ್ಬ ಹುಡುಗ ಎಲ್ಲರನ್ನೂ ಪ್ರಶ್ನೆ ಕೇಳುತ್ತಾ, ಉತ್ತರವನ್ನು ಗಮನವಿಟ್ಟು ಕೇಳುತ್ತಾ, ಸುಮ್ಮನಿದ್ದವರನ್ನು ಮಾತಿಗೆಳೆಯುತ್ತಾ ಕೂತಿದ್ದ. ಜಗಳ ಆಡಲಿಲ್ಲ, ಭಾಷಣ ಬಿಗಿಯಲಿಲ್ಲ. ಪಾಯಿಂಟ್ ಗಾರ್ಡ್ ಕೆಲಸ ಅಂದರೆ ಅದೇ.

ಈಗ ನೀವು ಮಾಡಬಹುದಾದದ್ದು. ನಿಮ್ಮ ಒಂದು ಪಂದ್ಯವನ್ನು ಯಾರಾದರೂ ಫೋನ್‌ನಲ್ಲಿ ರೆಕಾರ್ಡ್ ಮಾಡಿಯೇ ಇರುತ್ತಾರೆ. ಅದನ್ನು ಹಾಕಿ, ಚೆಂಡು ಕಳೆದುಕೊಂಡ ಪ್ರತಿ ಸಲದ ನಂತರದ ಐದು ಸೆಕೆಂಡು ಮಾತ್ರ ನೋಡಿ. ಅವನೊಬ್ಬನನ್ನಲ್ಲ, ಐವರನ್ನೂ. ಯಾರು ಓಡಿದರು, ಯಾರು ನಡೆದರು, ಯಾರು ಪಾಸ್ ತಪ್ಪಿಸಿದವನ ಬೆನ್ನು ತಟ್ಟಿದರು ಅಂತ ಬರೆದುಕೊಳ್ಳಿ. ಮೊದಲ ಕ್ವಾರ್ಟರ್‌ನಲ್ಲಿ ಎಷ್ಟು ಜನ ಕೈ ಚಾಚಿ ಚೆಂಡು ಕೇಳುತ್ತಿದ್ದರು, ಕೊನೆಯ ಕ್ವಾರ್ಟರ್‌ನಲ್ಲಿ ಎಷ್ಟು ಜನ ಅಂತಲೂ ಎಣಿಸಿ. ನಡೆದವರ ಪಟ್ಟಿಯಲ್ಲಿ ನಿಮ್ಮ ಹೆಸರೂ ಇದ್ದೀತು, ಗಾಬರಿಯಾಗಬೇಡಿ.

ಈ ಹಾಳೆ ಹಿಡಿದು ಕೋಚ್ ಹತ್ತಿರ ಹೋಗಿ. ಪಾಯಿಂಟ್ ಲೆಕ್ಕ ಹೇಳುವವರಿಗೆ ಲೆಕ್ಕದಲ್ಲೇ ಮಾತಾಡಬೇಕು. ‘ಅವನು ಸರಿಯಿಲ್ಲ ಸರ್’ ಅಂದರೆ ಅದು ಚಾಡಿ. ‘ಇಷ್ಟು ಸಲ ಚೆಂಡು ಕಳೆದುಕೊಂಡಾಗ ಇಷ್ಟು ಸಲ ನಾವು ನಾಲ್ವರೇ ಇದ್ದೆವು ಸರ್’ ಅಂದರೆ ಅವರು ಕೂತು ಕೇಳುತ್ತಾರೆ. ಅವನು ಕೋರ್ಟ್‌ನಲ್ಲಿದ್ದಾಗ ತಂಡ ಎಷ್ಟು ಪಾಯಿಂಟ್ ಮುಂದೆ ಹೋಯಿತು ಅಥವಾ ಹಿಂದೆ ಬಿತ್ತು ಅನ್ನುವ ಪ್ಲಸ್–ಮೈನಸ್ ಲೆಕ್ಕವನ್ನೂ ಇಡಬಹುದು. ಆದರೆ ಒಂದೆರಡು ಪಂದ್ಯದ ಪ್ಲಸ್–ಮೈನಸ್ ನೋಡಿ ತೀರ್ಪು ಕೊಡಬೇಡಿ. ಅವನ ಜೊತೆ ಆ ಹೊತ್ತಿಗೆ ಯಾರಿದ್ದರು, ಎದುರು ಯಾರಿದ್ದರು ಅನ್ನುವುದರ ಮೇಲೆ ಅದು ಏರಿಳಿಯುತ್ತದೆ.

ಆ ಹುಡುಗನ ಜೊತೆ ಮಾತಾಡಲೇಬೇಕು, ಅದೂ ಒಬ್ಬರೇ. ಸೋತ ದಿನ ಬೇಡ, ಎಲ್ಲರೆದುರು ಬೇಡ. ಪ್ರಾಕ್ಟೀಸ್ ಮುಗಿದು ಇಬ್ಬರೂ ಫ್ರೀ ಥ್ರೋ ಹೊಡೆಯುತ್ತಿರುವಾಗ ಒಳ್ಳೆಯ ಸಮಯ. ಮುಖ ನೋಡಿಕೊಂಡು ಕೂರಬೇಕಾಗಿಲ್ಲ, ಮಧ್ಯೆ ಚೆಂಡು ಇರುತ್ತದೆ. ‘ನಿನ್ನ ಆಟಿಟ್ಯೂಡ್ ಸರಿಯಿಲ್ಲ’ ಅನ್ನಬೇಡಿ. ಹಾಗಂದರೆ ಅವನು ಏನನ್ನು ಬದಲಾಯಿಸಿಕೊಳ್ಳಬೇಕು? ಒಂದೇ ಒಂದು ಕೆಲಸ ಕೇಳಿ: ‘ಚೆಂಡು ಹೋದರೆ ಮೊದಲು ಓಡಿ ಬಾ. ಬೈಯಬೇಕು ಅನಿಸಿದರೆ ಆಮೇಲೆ ನನಗೆ ಬೈ, ಜೂನಿಯರ್‌ಗೆ ಬೇಡ.’ ಅವನ ಸಿಟ್ಟಿಗೆ ಒಂದು ವಿಳಾಸ ಸಿಕ್ಕಿದಂತಾಯಿತು. ಹಿಂದಿನ ತಂಡದಲ್ಲಿ ಹೇಗಿತ್ತು ಅಂತಲೂ ಕೇಳಿ. ಒಬ್ಬನೇ ಇಡೀ ತಂಡವನ್ನು ಹೊತ್ತು ಬಂದ ಹುಡುಗರು ಇರುತ್ತಾರೆ. ಉಳಿದವರನ್ನು ನಂಬಿ ಅವರಿಗೆ ಗೊತ್ತೇ ಇರುವುದಿಲ್ಲ. ಇದು ಅವನ ಬೈಗುಳಕ್ಕೆ ಸಮರ್ಥನೆ ಅಲ್ಲ, ಎಲ್ಲಿಂದ ಬರುತ್ತಿದೆ ಅಂತ ತಿಳಿಯುತ್ತದೆ ಅಷ್ಟೇ.

ಇನ್ನು ನೀವು ನಾಲ್ವರು. ಅಮೆರಿಕದ ನಾರ್ತ್ ಕ್ಯಾರೊಲೈನಾ ವಿಶ್ವವಿದ್ಯಾಲಯದ ತಂಡಕ್ಕೆ 1961ರಿಂದ 1997ರವರೆಗೆ ಕೋಚ್ ಆಗಿದ್ದ ಡೀನ್ ಸ್ಮಿತ್ ಒಂದು ಪದ್ಧತಿ ಇಟ್ಟಿದ್ದರು. ಬಾಸ್ಕೆಟ್ ಹಾಕಿದವನು ಪಾಸ್ ಕೊಟ್ಟವನ ಕಡೆ ಬೆರಳು ತೋರಿಸಬೇಕು. ಕುಣಿಯುವುದು, ಎದೆ ತಟ್ಟಿಕೊಳ್ಳುವುದು ಆಮೇಲೆ. ಈಗ ಎಲ್ಲೆಡೆ ಕಾಣುವ ಆ ಬೆರಳು ಜನಪ್ರಿಯವಾದದ್ದು ಅವರಿಂದ. ನೀವು ಇದನ್ನು ಪ್ರಾಕ್ಟೀಸ್‌ನಲ್ಲೇ ಶುರು ಮಾಡಿ. ಸ್ಟಾರ್‌ಗೆ ಹೇಳಿಯೂ ಕೊಡಬೇಡಿ. ಅವನು ಪಾಸ್ ಕೊಟ್ಟಾಗ ನೀವು ಅವನ ಕಡೆ ಬೆರಳು ತೋರಿಸಿ. ಅವನು ಪಾಸ್ ಕೊಡುವುದು ಅಪರೂಪ ಅನ್ನುತ್ತೀರಾ? ಅಪರೂಪಕ್ಕೆ ಕೊಟ್ಟಾಗಲೇ ತೋರಿಸಬೇಕು.

ತೆಗೆಸುವ ವಿಷಯ: ಅದು ಕ್ಯಾಪ್ಟನ್ ಕೆಲಸವಲ್ಲ. ಆಡಿಸುವುದು, ಕೂರಿಸುವುದು ಕೋಚ್ ಕೈಯಲ್ಲಿದೆ, ಅವರ ಹತ್ತಿರ ಇರುವ ಅಸ್ತ್ರವೂ ಅದೊಂದೇ. ಕನೆಕ್ಟಿಕಟ್ ವಿಶ್ವವಿದ್ಯಾಲಯದ ಮಹಿಳಾ ತಂಡದ ಕೋಚ್ ಜೀನೊ ಆರಿಯೆಮ್ಮ ಪತ್ರಕರ್ತರ ಮುಂದೆಯೇ ಹೇಳಿದ್ದಾರೆ, ಮುಖ ಊದಿಸಿಕೊಂಡು ತನ್ನ ಪಾಡಿಗೆ ತಾನಿರುವವರು ಎಷ್ಟೇ ಚೆನ್ನಾಗಿ ಆಡಲಿ, ಬೆಂಚಿನಲ್ಲಿ ಕೂರಿಸುತ್ತೇನೆ, ಸೋತರೂ ಪರವಾಗಿಲ್ಲ ಅಂತ. ಹತ್ತಕ್ಕಿಂತ ಜಾಸ್ತಿ ರಾಷ್ಟ್ರೀಯ ಪ್ರಶಸ್ತಿ ಗೆದ್ದವರಿಗೆ ಹಾಗೆ ಹೇಳುವುದು ಸುಲಭ ಅನ್ನಿ. ನಿಮ್ಮ ಕೋಚ್‌ಗೆ ಐದು ನಿಮಿಷ ಕೂರಿಸಿ ನೋಡುವ ಧೈರ್ಯ ಬಂದರೆ ಸಾಕು.

ಬೈಗುಳ ಬೆದರಿಕೆಗೆ ತಿರುಗಿದರೆ, ಯಾರ ಮೇಲಾದರೂ ಕೈ ಮಾಡಿದರೆ, ಮೇಲಿನದು ಯಾವುದೂ ಅನ್ವಯಿಸುವುದಿಲ್ಲ. ಆವತ್ತೇ ಕಾಲೇಜಿನವರಿಗೆ ತಿಳಿಸಿ. ತಂಡ ಬಿಡುವ ಮಾತಾಡುತ್ತಿರುವ ಆ ಇಬ್ಬರ ಹತ್ತಿರ ಮಾತ್ರ ನಾಳೆಯೇ ಹೋಗಿ ಕೂತು ಮಾತಾಡಿ. ಸ್ಟಾರ್‌ನನ್ನು ವಿಚಾರಿಸಿಕೊಳ್ಳುವ ಜನ ಬೇಕಾದಷ್ಟಿದ್ದಾರೆ, ಇವರಿಗೆ ಇಲ್ಲ.

ಪ್ರಶ್ನೆ: ನಾನು ಕಾಲೇಜು ಮಹಿಳಾ ತಂಡದಲ್ಲಿದ್ದೇನೆ. ಜಾಸ್ತಿ ಹೊತ್ತು ಬೆಂಚಿನಲ್ಲೇ. ನಾನು ಯಾರಿಗೂ ಏನೂ ಅನ್ನುವುದಿಲ್ಲ. ಆದರೂ ‘ನಿನ್ನ ಮುಖ ನೋಡಿದರೆ ತಂಡದ ಮೂಡ್ ಹಾಳಾಗುತ್ತೆ’ ಅಂತಾರೆ. ಬೇಜಾರಾಗುವುದೂ ತಪ್ಪಾ ಮೇಡಂ?
— ಬೆಂಚಿನ ಹುಡುಗಿ

ಉತ್ತರ: ಬೇಜಾರು ತಪ್ಪಲ್ಲ. ಆಡಬೇಕು ಅಂತ ಆಸೆ ಇರುವುದಕ್ಕೇ ಬೇಜಾರು. ನಗುನಗುತ್ತಾ ಕೂರು ಅಂತ ನಾನು ಯಾರಿಗೂ ಹೇಳಿದವಳಲ್ಲ. ಸುಳ್ಳು ನಗು ಎದುರು ಬೆಂಚಿಗೂ ಕಾಣುತ್ತದೆ.

ಮುಖದ ಚಿಂತೆ ಬಿಡಿ, ಕೈಗೆ ಕೆಲಸ ಕೊಡಿ. ಎದುರಾಳಿ ತಂಡದ ಫೌಲ್ ಲೆಕ್ಕ ಇಟ್ಟುಕೊಳ್ಳಿ. ಅಂತಾರಾಷ್ಟ್ರೀಯ ನಿಯಮದಲ್ಲಿ ಒಂದು ಕ್ವಾರ್ಟರ್‌ನಲ್ಲಿ ನಾಲ್ಕು ತಂಡದ ಫೌಲ್ ಆದ ಮೇಲೆ, ಡಿಫೆನ್ಸ್‌ನವರ ಐದನೆಯ ಫೌಲ್‌ನಿಂದ ಎರಡು ಫ್ರೀ ಥ್ರೋ ಸಿಗುತ್ತದೆ, ಗೊತ್ತಲ್ಲ. ಆಡುತ್ತಿರುವವರಿಗೆ ಅದು ಮರೆತುಹೋಗುತ್ತದೆ. ‘ಅವರದು ನಾಲ್ಕಾಯ್ತು, ಒಳಗೆ ನುಗ್ಗಿ’ ಅಂತ ಬೆಂಚಿನಿಂದ ಒಂದು ದನಿ ಬಂದರೆ ಅದಕ್ಕೆ ಬೆಲೆಯಿದೆ. ನಿಮ್ಮ ಜಾಗದಲ್ಲಿ ಆಡುವವಳನ್ನು ಕಾಯುತ್ತಿರುವ ಎದುರಾಳಿ ಹುಡುಗಿ ಯಾವ ಕಡೆಯಿಂದ ನುಗ್ಗಿದರೆ ತಡೆಯಲಾರಳು ನೋಡಿ. ಆಡಿ ಬಂದವಳಿಗೆ ನೀರು ಕೊಡುವಾಗ ಅದನ್ನು ಹೇಳಿ. ನಿಮ್ಮ ಹೊತ್ತು ಬಂದಾಗ ಅದು ನಿಮಗೂ ಬೇಕಾಗುತ್ತದೆ.

ಹೊರಬಂದವಳ ಕೈಗೆ ಕೈ ತಟ್ಟುವುದನ್ನು ಸಣ್ಣದೆಂದುಕೊಳ್ಳಬೇಡಿ. ಅಮೆರಿಕದ ವೃತ್ತಿಪರ ಲೀಗ್ ಎನ್‌ಬಿಎಯ 2008–09ರ ಋತುವಿನಲ್ಲಿ 30 ತಂಡಗಳ 294 ಆಟಗಾರರನ್ನು ಗಮನಿಸಿದ ಒಂದು ಅಧ್ಯಯನ 2010ರಲ್ಲಿ ಬಂತು. ಋತುವಿನ ಶುರುವಿನಲ್ಲಿ ಪರಸ್ಪರ ಕೈ ತಟ್ಟುವುದು, ಬೆನ್ನು ತಟ್ಟುವುದು ಜಾಸ್ತಿ ಇದ್ದ ತಂಡಗಳು ಮುಂದೆ ಚೆನ್ನಾಗಿ ಆಡಿದವು. ಅದೊಂದೇ ಕಾರಣ ಅಂತ ನಾನು ಹೇಳುತ್ತಿಲ್ಲ.

ಕೋಚ್ ಹತ್ತಿರ ‘ನನ್ನನ್ನು ಯಾಕೆ ಆಡಿಸಲ್ಲ’ ಅಂತ ಕೇಳಬೇಡಿ. ‘ಇನ್ನು ಐದು ನಿಮಿಷ ಜಾಸ್ತಿ ಸಿಗಬೇಕಾದರೆ ನಾನು ಯಾವುದನ್ನು ಸುಧಾರಿಸಬೇಕು’ ಅಂತ ಕೇಳಿ. ಉತ್ತರ ಕೊಡದ ಕೋಚ್ ಆದರೆ, ಬೇಜಾರು ಮಾಡಿಕೊಳ್ಳಲು ನಿಮಗೆ ನನ್ನ ಪೂರ್ತಿ ಅನುಮತಿ ಇದೆ.

ಪ್ರಶ್ನೆ: ನಾನು ಕಾಲೇಜಿನ ದೈಹಿಕ ಶಿಕ್ಷಣ ಶಿಕ್ಷಕ. ತಂಡದ ದೊಡ್ಡ ಆಟಗಾರನಿಗೆ ನಿಯಮದಲ್ಲಿ ಸ್ವಲ್ಪ ಸಡಿಲ ಕೊಟ್ಟರೆ ತಪ್ಪೇ? ಅವನಿಲ್ಲದೆ ಗೆಲ್ಲಲು ಆಗುವುದಿಲ್ಲ.
— ಒಬ್ಬ ಶಿಕ್ಷಕ

ಉತ್ತರ: ಸರ್, ಅಮೆರಿಕದ ಯುಸಿಎಲ್ಎ ವಿಶ್ವವಿದ್ಯಾಲಯದ ಕೋಚ್ ಜಾನ್ ವುಡನ್ 1964ರಿಂದ 1975ರವರೆಗಿನ 12 ಋತುಗಳಲ್ಲಿ 10 ರಾಷ್ಟ್ರೀಯ ಪ್ರಶಸ್ತಿ ಗೆದ್ದವರು. ಅವರ ತಂಡದಲ್ಲಿ ಗಡ್ಡ ಬಿಡುವಂತಿರಲಿಲ್ಲ. 1972 ಮತ್ತು 1973ರಲ್ಲಿ ತಂಡವನ್ನು ಗೆಲ್ಲಿಸಿದ ಬಿಲ್ ವಾಲ್ಟನ್ ಒಂದು ಸಲ ರಜೆ ಮುಗಿಸಿ ಗಡ್ಡ ಬಿಟ್ಟುಕೊಂಡು ಬಂದರು. ಅದು ತನ್ನ ಹಕ್ಕು ಅಂದರು. ವುಡನ್ ಕೂಗಾಡಲಿಲ್ಲ. ನಿನ್ನ ನಂಬಿಕೆಯನ್ನು ಗೌರವಿಸುತ್ತೇನೆ, ಆದರೆ ನೀನಿಲ್ಲದ್ದು ತಂಡಕ್ಕೆ ಬೇಜಾರಾಗುತ್ತದೆ ಅನ್ನುವ ಅರ್ಥದ ಮಾತು ಹೇಳಿದರಂತೆ. ವಾಲ್ಟನ್ ಸೈಕಲ್ ಹತ್ತಿ ಹೋಗಿ ಗಡ್ಡ ಬೋಳಿಸಿಕೊಂಡು ಬಂದರು. ಮುಂದೆ ಈ ಕಥೆಯನ್ನು ಅವರೇ ನಗುತ್ತಾ ಎಲ್ಲರಿಗೂ ಹೇಳುತ್ತಿದ್ದರು.

ಗಡ್ಡದ ನಿಯಮ ನನಗೇನೂ ಇಷ್ಟವಿಲ್ಲ. ನಾನಾಗಿದ್ದರೆ ಅಂಥ ನಿಯಮ ಇಡುತ್ತಿರಲಿಲ್ಲ. ಆದರೆ ಇಟ್ಟ ಮೇಲೆ ಸ್ಟಾರ್‌ಗೂ ಅದೇ. ಸಡಿಲ ಕೊಡಬೇಕು ಅನಿಸುವಂಥ ನಿಯಮವಾದರೆ ಅದನ್ನು 12 ಜನರಿಗೂ ತೆಗೆದುಹಾಕಿ. ಸಮಯಕ್ಕೆ ಬರುವುದು, ಟೈಮ್‌ಔಟ್‌ನಲ್ಲಿ ಎಲ್ಲರೂ ಗುಂಪಿನೊಳಗೆ ನಿಲ್ಲುವುದು, ಜೊತೆಯವರನ್ನು ಅವಮಾನ ಮಾಡದಿರುವುದು, ಇಷ್ಟನ್ನು ಉಳಿಸಿಕೊಂಡರೆ ಕಾಲೇಜು ತಂಡಕ್ಕೆ ಧಾರಾಳ. ಋತು ಶುರುವಾಗುವ ಮೊದಲೇ ಹೇಳಿ. ಮಧ್ಯದಲ್ಲಿ ತಂದರೆ ಅದು ಒಬ್ಬನಿಗಾಗಿಯೇ ಮಾಡಿದ್ದು ಅಂತ ಅವನಿಗೂ ಗೊತ್ತಾಗುತ್ತದೆ, ಉಳಿದ ಹನ್ನೊಂದು ಜನರಿಗೂ.